ಗೇಟಿನಿಂದ ಬಾಗಿಲವರೆಗಿನ ಕಲ್ಲು

ಅಕ್ಕ ಮದುವೆಯಾಗಿ ಮೈಸೂರಿಗೆ ಹೋದ ನಾಲ್ಕನೇ ತಿಂಗಳಲ್ಲಿ ನಮ್ಮ ಮನೆಯ ಅಂಗಳವನ್ನು ಪೂರ್ತಿ ಅಗೆಯಬೇಕಾಗಿ ಬಂತು. ಆಗ ಅವಳಿಗೆ ಐವತ್ತೆಂಟು, ನನಗೆ ಐವತ್ತನಾಲ್ಕು. ಜೆ.ಪಿ. ನಗರದ ಈ ಮನೆಯನ್ನು ನಾವಿಬ್ಬರೂ ನಮ್ಮ ಸಂಬಳದಲ್ಲೇ ಕೊಂಡು ಇಪ್ಪತ್ತೆರಡು ವರ್ಷ ಒಟ್ಟಿಗೆ ಇದ್ದೆವು. ಇಬ್ಬರೂ ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಾ ವರ್ಷಗಳು ಮುಗಿದವು, ಅಷ್ಟೆ. ಆಮೇಲೆ ಅಕ್ಕನಿಗೆ ಪಾರ್ಕಿನಲ್ಲಿ ಒಬ್ಬರ ಪರಿಚಯವಾಯಿತು. ಹೆಂಡತಿ ತೀರಿಕೊಂಡಿದ್ದ ನಿವೃತ್ತ ಮೇಷ್ಟ್ರು, ಮೈಸೂರಿನವರು. ಇಲ್ಲಿ ತಮ್ಮನ ಮನೆಗೆ ಬಂದು ಕೆಲವು ತಿಂಗಳು ಇದ್ದರು.

ಮದುವೆಯ ವಿಷಯವನ್ನು ಅಕ್ಕ ನನ್ನ ಹತ್ತಿರ ಹೇಳಿದ್ದು ಅಡುಗೆಮನೆಯಲ್ಲಿ. "ನಿಂಗೇನನ್ಸತ್ತೆ ಹೇಳೆ" ಎಂದು ಕೇಳಿದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ತಲೆಯೆತ್ತದೆ, "ನಿಂಗೆ ಬೇಕಾದ್ದು ನೀನ್ ಮಾಡು. ನನ್ನ ಯಾಕ್ ಕೇಳ್ತೀಯ?" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಅಂಗಳ ಅಗೆಯಲು ಕಾರಣ ಸಂಪಿಗೆ ಮರ. ಅದರ ಬೇರು ಸ್ಯಾನಿಟರಿ ಪೈಪಿನೊಳಗೆ ನುಗ್ಗಿ, ಹಿಂದಿನ ಬಚ್ಚಲಿನಲ್ಲಿ ನೀರು ನಿಲ್ಲತೊಡಗಿತು. ಮೇಸ್ತ್ರಿ ಬಂದು ಹಳೆಯ ಸಿಮೆಂಟ್ ನೆಲವನ್ನು ಒಡೆಸಿ, ಪೈಪು ಬದಲಾಯಿಸಿ, ಮಣ್ಣು ಮುಚ್ಚಿದ. ಕೆಲಸವೆಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಕೈ ತೊಳೆಯುತ್ತಾ ಹೇಳಿದ: "ಮೇಡಂ, ಮತ್ತೆ ಸಿಮೆಂಟ್ ಬಳಿದ್ರೆ ಮತ್ತೆ ಬಿರುಕು ಬಿಡತ್ತೆ. ಕಲ್ ಹಾಕ್ಸಿ, ಇಲ್ಲಾಂದ್ರೆ ಇಟ್ಟಿಗೆ ಥರ ಬರತ್ತಲ್ಲ, ಆ ಕಾಂಕ್ರೀಟ್ ಪೇವರ್ ಹಾಕ್ಸಿ. ಯಾವ್ದು ಅಂತ ಹೇಳ್ಬಿಡಿ, ಬಂದು ಹಾಕ್ಕೊಡ್ತೀನಿ."

"ಹೇಳ್ತೀನಿ" ಎಂದೆ. ಮೂರು ವಾರ ಹೇಳಲಿಲ್ಲ.

ಹೇಳಲಾಗದ್ದಕ್ಕೆ ಕಾರಣ ನನಗೆ ನಿಧಾನವಾಗಿ ಗೊತ್ತಾಯಿತು. ಮನೆಯ ಯಾವ ವಿಷಯವೇ ಆಗಲಿ, ಮೊದಲು ಅಕ್ಕ ಹೀಗೆ ಮಾಡೋಣ ಎನ್ನುತ್ತಿದ್ದಳು, ನಾನು ಬೇಡ ಎನ್ನುತ್ತಿದ್ದೆ. ಗೋಡೆಗೆ ಹಳದಿ ಬಣ್ಣ ಎಂದರೆ ಬೇಡ, ಮಂಚ ಕಿಟಕಿಯ ಪಕ್ಕಕ್ಕೆ ಎಂದರೆ ಬೇಡ. ಎರಡು ದಿನ ಜಗಳವಾಡಿ ಏನೋ ಒಂದು ತೀರ್ಮಾನವಾಗುತ್ತಿತ್ತು. ನನಗೆ ಏನು ಬೇಡ ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಚೆನ್ನಾಗಿ ತಿಳಿದಿತ್ತು. ಏನು ಬೇಕು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಮಣ್ಣಿನ ಮೇಲೆ ಮೇಸ್ತ್ರಿ ಎರಡು ಹಲಗೆ ಹಾಸಿ ಹೋಗಿದ್ದ. ಬೆಳಿಗ್ಗೆ ಅದರ ಮೇಲೆ ನಡೆದು ಆಫೀಸಿಗೆ ಹೋಗುತ್ತಿದ್ದೆ, ಸಂಜೆ ಅದರ ಮೇಲೇ ನಡೆದು ಒಳಗೆ ಬರುತ್ತಿದ್ದೆ. ಒಂದು ದಿನ ಮಳೆ ಬಂದು ಹಲಗೆಯ ಮೇಲೆ ಜಾರಿ ಬಿದ್ದೆ, ಮಂಡಿಯವರೆಗೆ ಸೀರೆ ಕೆಸರಾಯಿತು. ಬಿದ್ದಿದ್ದನ್ನು ಯಾರೂ ನೋಡಲಿಲ್ಲ. ಸದ್ಯ ಯಾರೂ ನೋಡಲಿಲ್ಲ ಎಂದು ಮೊದಲು ಅನಿಸಿತು. ಸೀರೆ ನೆನೆಹಾಕುವಾಗ, ಯಾರೂ ನೋಡಲಿಲ್ಲವಲ್ಲ ಎಂದು ಅಳು ಬಂತು.

ಮುಂದಿನ ಭಾನುವಾರ ಆಟೋ ಹಿಡಿದು ಕೋಣನಕುಂಟೆ ದಾಟಿ ಕನಕಪುರ ರಸ್ತೆಯಲ್ಲಿ ಕಲ್ಲು ಮಾರುವ ಒಂದು ಜಾಗಕ್ಕೆ ಹೋದೆ. ತಗಡಿನ ಚಪ್ಪರದ ಕೆಳಗೆ ಚಪ್ಪಡಿಗಳನ್ನು ಪುಸ್ತಕದ ಹಾಗೆ ಒರಗಿಸಿ ನಿಲ್ಲಿಸಿದ್ದರು. ಒಂದು ಮೂಲೆಯಲ್ಲಿ ಕಾಂಕ್ರೀಟ್ ಪೇವರುಗಳ ರಾಶಿಯೂ ಇತ್ತು. ಯಜಮಾನರಿಗೆ ಅರವತ್ತು ದಾಟಿರಬೇಕು. ಕಲ್ಲು ಕೊಯ್ಯುವ ಮಿಷನ್ನಿನ ಪಕ್ಕದಲ್ಲೇ ಜೀವನ ಕಳೆದದ್ದಕ್ಕೋ ಏನೋ, ಕಿವಿ ಮಂದ. ತುಂಬ ಜೋರಾಗಿ ಮಾತಾಡುತ್ತಿದ್ದರು.

"ಚಪ್ಪಲಿ ಬಿಟ್ಟು ನಿಂತ್ಕೊಳ್ಳಿ ಮೇಡಂ" ಎಂದರು. ಒಂದು ಚಪ್ಪಡಿಗೆ ಚೊಂಬಿನಿಂದ ನೀರು ಸುರಿದರು. "ಈ ಕಪ್ ಕಲ್ ನೋಡಿ, ನೈಸಾಗೈತೆ, ಒಳಗಡೆಗೆ ಸರಿ. ಹೊರಗಡೆ ಹಾಕಿದ್ರೆ ಮಳೇಲಿ ಜಾರ್ತೀರ. ಈ ಬೂದು ಬಣ್ಣದ್ದು ಸಾದರಹಳ್ಳಿ ಕಲ್ಲು. ಮೇಲೆ ತರಿತರಿಯಾಗಿ ಹೊಡ್ಸಿದೀನಿ, ಜಾರಲ್ಲ."

"ಕಾಂಕ್ರೀಟು?"

"ಅದೂ ಜಾರಲ್ಲ. ಬಣ್ಣ ಮಾತ್ರ ನಾಕೈದು ವರ್ಷಕ್ಕೆ ಸಪ್ಪಗಾಯ್ತದೆ. ಆದ್ರೆ ಕೆಳಗಡೆ ಪೈಪ್ ಐತೆ ಅಂತೀರಲ್ಲ, ನಾಳೆ ಏನಾದ್ರೂ ಕಟ್ಕೊಂಡ್ರೆ ಪೇವರ್ ಒಂದೊಂದೇ ಎತ್ತಿ ಮತ್ತೆ ಕೂರ್ಸ್ಬೋದು. ಕಲ್ ಎತ್ತಕ್ಕೆ ಇಬ್ರು ಬೇಕು, ಒಡೆದ್ರೂ ಒಡೀಬೋದು." ಆಮೇಲೆ ಕೇಳಿದರು, "ಮನೇಲಿ ಯಾರ್ಯಾರಿದ್ದೀರ?"

"ನಾನು, ನಮ್ಮಕ್ಕ" ಎಂದೆ. ಬಾಯಿಂದ ತಾನಾಗಿ ಬಂತು.

"ಹಂಗಾದ್ರೆ ಅವರನ್ನೂ ಒಂದ್ ಮಾತು ಕೇಳಿ ಮೇಡಂ. ದಿನಾ ಓಡಾಡೋರು ಅವರೂ ತಾನೆ?" ಎಂದು, ಕಲ್ಲಿನ ಒಂದು ತುಂಡನ್ನೂ ಒಂದು ಪೇವರನ್ನೂ ಗೋಣಿಚೀಲಕ್ಕೆ ಹಾಕಿ ಆಟೋದಲ್ಲಿಟ್ಟರು. "ಅವ್ರಿಗೆ ತೋರ್ಸಿ, ಆಮೇಲೆ ಬನ್ನಿ."

ಅವೆರಡನ್ನೂ ಅಂಗಳದ ಮಣ್ಣಿನಲ್ಲಿ ಅಕ್ಕಪಕ್ಕ ಇಟ್ಟೆ. ಬೆಳಿಗ್ಗೆ ಪೇಪರ್ ತರಲು ಹೋದಾಗ ಒಂದು ಕಾಲು ಕಲ್ಲಿನ ಮೇಲೆ, ಒಂದು ಕಾಲು ಪೇವರಿನ ಮೇಲೆ ಇಟ್ಟು ನಿಲ್ಲುತ್ತಿದ್ದೆ. ಎದುರು ಮನೆಯ ಹೆಂಗಸು ರಂಗೋಲಿ ಬಿಡುತ್ತಾ ಒಂದು ದಿನ, "ಏನಾಂಟಿ, ಯೋಗಾನಾ?" ಎಂದಳು. "ಹೂಂ" ಎಂದೆ. ಇಲ್ಲ, ನೆಲಕ್ಕೆ ಯಾವುದು ಹಾಕಲಿ ಹೇಳಮ್ಮ ಎಂದು ಕೇಳಬಹುದಿತ್ತು. ಅವಳೂ ಹೇಳುತ್ತಿದ್ದಳೇನೋ. ಪೇಪರ್ ಎತ್ತಿಕೊಂಡು ಒಳಗೆ ಬಂದೆ.

ಆ ಶನಿವಾರ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಅವಳು ಹೋದ ಮೇಲೆ ನಾನಾಗಿ ಮಾಡಿದ್ದು ಅದೇ ಮೊದಲು. ಭಾವ ಎತ್ತಿಕೊಂಡರು. "ಅವಳು ಪಕ್ಕದ್ಮನೆಗೆ ಹೋಗಿದಾಳಮ್ಮ. ಏನಾದ್ರೂ ಹೇಳ್ಬೇಕಿತ್ತಾ?" ಎಂದು ಬಹಳ ಮೃದುವಾಗಿ ಕೇಳಿದರು. "ಏನಿಲ್ಲ, ಸುಮ್ನೆ" ಎಂದು ಇಟ್ಟುಬಿಟ್ಟೆ. ಸಂಜೆ ಅಕ್ಕನೇ ಮಾಡಿದಳು. ಹಿಂದೆ ಯಾರೋ ನಗುತ್ತಿದ್ದರು, ಪಾತ್ರೆಗಳ ಸದ್ದು ಕೇಳುತ್ತಿತ್ತು. ಮನೆಗೆ ಯಾರೋ ಬಂದಿದ್ದಾರೆ ಎಂದಳು. ನಾನು ಪೈಪಿನ ಕತೆ, ಮೇಸ್ತ್ರಿಯ ಕತೆ ಎಲ್ಲ ಹೇಳಿ ಕೇಳಿದೆ: "ಕಲ್ ಹಾಕ್ಸಲೋ, ಕಾಂಕ್ರೀಟೋ?"

"ಅಯ್ಯೋ, ಅದಕ್ಯಾಕೆ ನನ್ನ ಕೇಳ್ತೀಯ? ನಿಂಗ್ಯಾವ್ದು ಇಷ್ಟವೋ ಅದನ್ನ ಹಾಕ್ಸೇ. ಓಡಾಡೋಳು ನೀನು."

ಪ್ರೀತಿಯಿಂದಲೇ ಹೇಳಿದಳು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಹೇಳಿದ್ದ ಹಾಗೆ ಖಂಡಿತ ಅಲ್ಲ. ಆದರೂ ಫೋನ್ ಕೆಳಗಿಟ್ಟ ಮೇಲೆ ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ. ಅಷ್ಟು ದಿನವೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಅವಳು ಎಲ್ಲಿಗೋ ಹೋಗಿದ್ದಾಳೆ, ಬಂದುಬಿಡುತ್ತಾಳೆ ಎಂದಿತ್ತು. ಈ ಅಂಗಳದಲ್ಲಿ ಓಡಾಡುವವಳು ನಾನೊಬ್ಬಳೇ ಎಂದು ಅವಳಿಗೆ ಆಗಲೇ ಗೊತ್ತಿತ್ತು. ನನಗೆ ಆ ಸಂಜೆ ಗೊತ್ತಾಯಿತು.

ಮರುದಿನ ಮತ್ತೆ ಕಲ್ಲಿನ ಅಂಗಡಿಗೆ ಹೋದೆ. "ಅಕ್ಕ ಏನಂದ್ರು ಮೇಡಂ?" ಎಂದು ಯಜಮಾನರು ಕೂಗಿ ಕೇಳಿದರು.

"ಅಕ್ಕ ಇಲ್ಲಿಲ್ಲ. ಮದುವೆ ಮಾಡ್ಕೊಂಡು ಮೈಸೂರಿಗೆ ಹೋದ್ರು. ಮನೇಲಿರೋದು ನಾನೊಬ್ಳೇ."

ಅವರಿಗೆ ಕೇಳಿಸಲಿಲ್ಲ. ಕಿವಿಯ ಹಿಂದೆ ಕೈಯಿಟ್ಟು, "ಏನಂದ್ರಿ?" ಎಂದರು. ಅದೇ ಮಾತನ್ನು ಇನ್ನೊಂದು ಸಲ, ಗಟ್ಟಿಯಾಗಿ, ಕಲ್ಲು ಇಳಿಸುತ್ತಿದ್ದ ಇಬ್ಬರು ತಿರುಗಿ ನೋಡುವ ಹಾಗೆ ಹೇಳಬೇಕಾಯಿತು. ಹಾಗೆ ಕೂಗಿ ಹೇಳಿದ ಮೇಲೆ ನನಗೆ ಮೈ ಹಗುರವಾದಂತೆ ಆಯಿತು.

ಅವರು ಪೇವರಿನ ರಾಶಿಯ ಕಡೆ ಕೈ ತೋರಿಸಿ, "ಒಬ್ರೇ ಇದ್ರೆ ಪೇವರೇ ಸುಲಭ ಮೇಡಂ. ನಾನು ಕಲ್ ಮಾರೋನು, ಆದ್ರೂ ಹೇಳ್ತೀನಿ. ಕಲ್ಲಿಗೆ ಜನ ಬೇಕು" ಎಂದರು.

"ಕಲ್ಲೇ ಕೊಡಿ" ಎಂದೆ. "ಬರಿಗಾಲಲ್ಲಿ ನಿಂತ್ರೆ ನಂಗೆ ಅದೇ ಚೆನ್ನಾಗಿದೆ."

ಪೇವರ್ ಹಾಕಿಸಿದ್ದರೆ ಜಾಣತನವಾಗುತ್ತಿತ್ತು, ಅದು ನನಗೂ ಗೊತ್ತಿತ್ತು. ಮೇಸ್ತ್ರಿಯೂ ಗೊಣಗಿದ. ಪೈಪಿನ ಮೇಲೆ ಬರುವ ಎರಡು ಚಪ್ಪಡಿಗಳನ್ನು ಸಿಮೆಂಟ್ ಹಾಕದೆ ಬರೀ ಮರಳಿನ ಮೇಲೆ ಕೂರಿಸಿದ. ಮುಂದಿನ ಮಳೆಗಾಲದಲ್ಲಿ ಪೈಪು ಕಟ್ಟಿಕೊಂಡಾಗ ಅವನೂ ಇನ್ನೊಬ್ಬ ಆಳೂ ಹಾರೆ ಹಾಕಿ ಎಬ್ಬಿಸಿದರು. ಒಂದರ ಮೂಲೆ ಮುರಿಯಿತು. "ನಾನ್ ಹೇಳ್ಲಿಲ್ವಾ ಮೇಡಂ?" ಎಂದ. "ಹೇಳಿದ್ರಿ" ಎಂದೆ. ಮುರಿದದ್ದನ್ನು ಹಾಗೇ ಕೂರಿಸಿಕೊಂಡೆ.

ಆ ಮಳೆಗಾಲಕ್ಕೂ ಮೊದಲೇ, ಸಂಕ್ರಾಂತಿಗೆ ಅಕ್ಕ ಒಬ್ಬಳೇ ಬಂದು ಎರಡು ದಿನ ಇದ್ದಳು. ಗೇಟು ತೆಗೆದು, ಮಾತಾಡುತ್ತಾ, ಕಲ್ಲಿನ ಮೇಲೆ ನಡೆದು ಒಳಗೆ ಬಂದಳು. ನೆಲದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಕಾಯುತ್ತಿದ್ದೆ. ಕಾಫಿ ಕುಡಿಯುವಾಗ, "ಕಲ್ಲು ಚೆನ್ನಾಗಿದೆ ಕಣೆ. ನಾನಾಗಿದ್ರೆ ಕಾಂಕ್ರೀಟ್ ಅಂತಿದ್ದೆ" ಎಂದಳು.

"ನೀನು ಕಾಂಕ್ರೀಟ್ ಅಂದಿದ್ರೆ ನಾನು ಬೇಡ, ಕಲ್ಲೇ ಇರ್ಲಿ ಅಂತಿದ್ದೆ."

ಇಬ್ಬರಿಗೂ ನಗು ಬಂತು. ಆ ನಗುವಿನ ನಡುವೆಯೇ ಹೇಳಿದೆ: "ಅವತ್ತು ನೀನು ಕೇಳ್ದಾಗ ನಾನು ಸರಿಯಾಗಿ ಮಾತಾಡ್ಬೇಕಿತ್ತು. ಒಳ್ಳೇ ಮನುಷ್ಯರು, ಆಗು ಅಂತ ಹೇಳ್ಬೇಕಿತ್ತು."

ಅಕ್ಕ ಲೋಟ ಕೆಳಗಿಟ್ಟು, "ನೀನು ಬೇಡ ಅಂದಿದ್ರೂ ಆಗ್ತಿದ್ದೆ ಕಣೆ" ಎಂದಳು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

ಮೂರನೇ ದಿನ ಮಧ್ಯಾಹ್ನ ಅವಳನ್ನು ಮೆಟ್ರೋ ನಿಲ್ದಾಣದವರೆಗೆ ಬಿಟ್ಟು ಬಂದೆ. ದಾರಿಯಲ್ಲಿ ಗಾಡಿಯವನ ಹತ್ತಿರ ಸೊಗಡಿನ ಅವರೆಕಾಯಿ ಇತ್ತು. ಒಬ್ಬಳಿಗೆ ಕಾಳು ಹಿಸುಕಿ ಸಿಪ್ಪೆ ತೆಗೆದು ಹಿತಕಿದ ಬೇಳೆಯ ಸಾರು ಯಾಕೆ ಎಂದುಕೊಂಡು ಮುಂದೆ ಹೋದವಳು ತಿರುಗಿ ಬಂದು ಕೊಂಡೆ. ಮನೆಗೆ ಬಂದು ಅಂಗಳದಲ್ಲಿ ಮೊರ ಇಟ್ಟುಕೊಂಡು ಕಾಯಿ ಬಿಡಿಸಲು ಕೂತೆ. ಇಬ್ಬರಿದ್ದಾಗ ಅದು ಒಂದು ಗಂಟೆಯ ಕೆಲಸ. ಆ ದಿನ ಬೀದಿದೀಪ ಹತ್ತುವವರೆಗೂ ಹಿಡಿಯಿತು.