ಸರದಾರನ ದರ್ಜಿ

ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಹುಸೇನಬಿ ಖಾಲಾ ಇಡೀ ಯುದ್ಧ ಹೇಳಿ ಮುಗಿಸುತ್ತಿದ್ದಳು. ಸೂಜಿ ಒಂದೂ ಬೀಳುತ್ತಿರಲಿಲ್ಲ. ವೈರಿಗಳು ಮಾತ್ರ ಸಾಲುಸಾಲಾಗಿ ಬೀಳುತ್ತಿದ್ದರು. ಸುರಪುರದ ಗುಡ್ಡದ ಕೆಳಗಿನ ಓಣಿಯಲ್ಲಿ ಅವಳ ಹೊಲಿಗೆ ಅಂಗಡಿ. ನಾನು ಅಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವುದನ್ನು ಕಲಿಯುತ್ತಿದ್ದೆ. ಮನೆಯಲ್ಲಿ ಅವರದು ಉರ್ದು. ಕಥೆ ಮಾತ್ರ ನನಗೋಸ್ಕರ ಕನ್ನಡದಲ್ಲಿ.

ಕಥೆ ಅವಳೇ ಕಟ್ಟಿದ್ದು. ಮೋಡದ ಮೇಲೊಂದು ಕೋಟೆ, ರೆಕ್ಕೆಯ ಕುದುರೆ, ಕೋಟೆ ಕಾಯುವ ಸರದಾರ. ಈ ಸರದಾರ ಗಂಡಿನ ವೇಷದಲ್ಲಿ ದಂಡು ಸೇರಿದ ಹೆಣ್ಣು. ಗುಟ್ಟು ಗೊತ್ತಿದ್ದುದು ಕವಚದ ಒಳಂಗಿ ಹೊಲಿಯುವ ದರ್ಜಿ ಹೆಂಗಸೊಬ್ಬಳಿಗೇ. "ಗಂಡಗ ಬೇಕಾದ್ರ ಸುಳ್ಳ ಹೇಳಬಹುದು. ಅಳತಿ ತಗೊಳ್ಳಾಕಿಗೆ ಹೇಳಾಕ ಬರಂಗಿಲ್ಲ," ಎನ್ನುತ್ತಿದ್ದಳು. ಸರದಾರ ಕವಚ ಬಿಚ್ಚುವುದು ಯಾವಾಗ ಎಂದು ಕೇಳಿದರೆ, ಮೊದಲು ಗುಂಡಿಯ ಕಾಜಾ ಸರಿಯಾಗಿ ಹೊಲಿ ಎಂದು ಗದರುತ್ತಿದ್ದಳು. ಮಗಳು ಶಬಾನಾಗೆ ಇದೆಲ್ಲ ನಗೆಪಾಟಲು. ಅರ್ಧಕ್ಕೇ ಎದ್ದು ಹೋಗುತ್ತಿದ್ದಳು.

ಒಮ್ಮೆ ದೇವಾಪುರದ ಸಾಹುಕಾರ್ತಿಯೊಬ್ಬಳು ಜಂಪರ್ ಬಿಗಿಯಾಯಿತೆಂದು ಕೂಗಾಡಿದಳು. ದಪ್ಪಗಾದದ್ದು ಅವಳೇ. ಖಾಲಾ ತನ್ನದೇ ತಪ್ಪೆಂದು ಕೈಮುಗಿದು ಹೊಲಿಗೆ ಬಿಚ್ಚಿಕೊಟ್ಟಳು. ನಾನು ಸಿಡಿಮಿಡಿಗೊಂಡರೆ, ಗಿರಾಕಿಯ ಮೈ ಸುದ್ದಿ ಅಂಗಡಿಯ ಹೊಸ್ತಿಲು ದಾಟಬಾರದು ಎಂದಳು.

ಯಾದಗಿರಿಯ ಹುಡುಗನೊಂದಿಗೆ ಶಬಾನಾಳ ಮದುವೆ ಗೊತ್ತಾಯಿತು. ಒಂದು ದಿನ ಖಾಲಾ ಟೇಪು ನನ್ನ ಕೈಗಿಟ್ಟು ತನ್ನ ಅಳತೆ ತೆಗೆಯಲು ಹೇಳಿದಳು. ಮೊದಲ ಸುತ್ತಿಗೇ ನನ್ನ ಕೈ ನಿಂತಿತು. ಸಡಿಲ ಸೆರಗಿನ ಕೆಳಗೆ ಮೈ ಅನ್ನುವುದೇ ಉಳಿದಿರಲಿಲ್ಲ. ಕಲಬುರಗಿಯ ಡಾಕ್ಟರು ಕೈಚೆಲ್ಲಿದ್ದಾರೆ, ಗೊತ್ತಾದರೆ ಶಬಾನಾ ಮದುವೆ ಬಿಟ್ಟು ತನ್ನ ಹಾಸಿಗೆ ಪಕ್ಕ ಕೂಡುತ್ತಾಳೆ ಎಂದು ಚಹಾ ತರಿಸುವಷ್ಟು ಸಲೀಸಾಗಿ ಹೇಳಿದಳು.

"ಹಳೇ ಅಳತಿಗೇ ಹೊಲಿ ನೀಲವ್ವ. ಒಳಗ ಹತ್ತಿ ತುಂಬು. ನಿಕಾಹ ಆಗೋತನಕ ನಾ ಮೊದಲಿನಂಗ ಕಾಣಬೇಕು."

ಅಳುತ್ತಲೇ ಹೊಲಿದೆ. ಖಾಲಾಳ ಮುಖ ಇಳಿದದ್ದಕ್ಕೆ ಮದುವೆಯ ಓಡಾಟದ ನೆಪ ಸಿಕ್ಕಿತು. ಮಗಳ ಮದುವೆಯಲ್ಲಿ ತಾಯಿಯೇ ಮೈಕೈ ತುಂಬಿಕೊಂಡಿದ್ದಾಳೆಂದು ಬೀಗರು ಚೇಷ್ಟೆ ಮಾಡಿದಾಗ ಖಾಲಾ ನನ್ನ ಕಡೆ ನೋಡಿ ನಕ್ಕಳು.

ಆಮೇಲೆ ಮಗಳು ತವರಿಗೆ ಬಂದಾಗಲೆಲ್ಲ ಅದೇ ಜಂಪರ್. ಕೊನೆಯ ಸಲ ನಾನು ಕಂಡಾಗ ಹಾಸಿಗೆಯಿಂದ ಏಳಲು ಆಗದಿದ್ದರೂ ಅದನ್ನೇ ತೊಟ್ಟು ಮಗಳ ದಾರಿ ಕಾಯುತ್ತಿದ್ದಳು. ಸರದಾರನ ಕಥೆ ಹೇಗೆ ಮುಗಿಯುತ್ತದೆ ಎಂದು ಕೇಳಿದೆ.

"ಉಸಿರಿರೋತನಕ ಕವಚ ಬಿಚ್ಚಂಗಿಲ್ಲ," ಎಂದಳು. "ಆಮ್ಯಾಲ ಮೈ ತೊಳಿಯೋರು ನೋಡ್ತಾರ. ಆವಾಗ ದರ್ಜಿ ಬಾಯಿ ಬಿಡಬೇಕು."

ಮರುದಿನ, ಬಂದ ಮಗಳ ಕೈಹಿಡಿದೇ ತೀರಿಹೋದಳು. ಮೈ ತೊಳೆಯುವ ಹೆಂಗಸರು ಒಳಗಿದ್ದಾಗ ನಾನು ಅಂಗಳದಲ್ಲಿ ಕೂತಿದ್ದೆ. ಶಬಾನಾ, ತಾಯಿಯ ಮೈಯಿಂದ ಕತ್ತರಿಸಿ ತೆಗೆದ ಜಂಪರ್ ಹಿಡಿದು ಹೊರಬಂದಳು. ಅಂಚಿನಿಂದ ಹತ್ತಿ ಇಣುಕುತ್ತಿತ್ತು. ದರ್ಜಿಯ ಮಗಳು, ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ.

"ಮದುವಿಗಿಂತ ಮೊದಲೇ?"

ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಪಕ್ಕ ಕುಸಿದು ಜಂಪರನ್ನು ಮುಖಕ್ಕೆ ಒತ್ತಿಕೊಂಡಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಅಮ್ಮಿ ಹೇಳ್ತಿದ್ದಳಲ್ಲ, ಆ ಸರದಾರನ ಕತಿ," ಎಂದಳು. "ನನಗ ಹೇಳು."

ಮೊದಲಿನಿಂದ ಶುರು ಮಾಡಿದೆ.