ಬಟ್ಟೆ ಹೊದ್ದ ತಾಯಿ

ನಮ್ಮ ರಾಂಡರ್ಸ್ ಊರಲ್ಲಿ ಫೋಟೋದ ಸೆವೆರಿನ್ ಹೋಲ್ಕ್ ಅಂದರೆ ಈಗಲೂ ಜನ ಟೋಪಿ ತೆಗೀತಾರೆ. ತೆಗೀಲಿ ಬಿಡಿ, ನನಗೇನು! ಅವನ ಸ್ಟುಡಿಯೋದಲ್ಲಿ ಚಿತ್ರ ಅಚ್ಚಾಗುವ ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಬಳಿಯುತ್ತಾ ನನ್ನ ಅರ್ಧ ಆಯುಸ್ಸು ಸವೆದಿದೆ. ಮೊದಲು ಅವನು ಕ್ಷೌರದವನಾಗಿದ್ದ, ಆಮೇಲೆ ಕ್ಯಾಮೆರಾ ಹಿಡಿದ. ಗಿರಾಕಿಗಳ ತಲೆಯನ್ನು ಹಿಂದಿನಿಂದ ಕಬ್ಬಿಣದ ಕವೆಗೆ ಸಿಕ್ಕಿಸಿ, "ಅಲುಗಾಡಿದ್ರೆ ಮುಖ ಕಲಸಿಹೋಗುತ್ತೆ" ಎಂದು ಗದರುತ್ತಿದ್ದ. ಮನೇಲಿ ಅವನ ಹೆಂಡತಿಯೂ ಹಾಗೇ ಕೂರುತ್ತಿದ್ದಳು, ಪಾಪ.

ಕೂಸುಗಳಿಗೆ ಕವೆ ಹಾಕೋಕಾಗಲ್ಲವಲ್ಲ. ತಾಯಿಯನ್ನು ಕೂರಿಸಿ, ಅವಳ ತಲೆ ಮೇಲಿಂದ ಕಪ್ಪು ಬಟ್ಟೆ ಹೊದಿಸಿ, ಮಡಿಲಲ್ಲಿ ಕೂಸನ್ನಿಟ್ಟು ತೆಗೆಯುವುದು ವಾಡಿಕೆ. ಚಿತ್ರದಲ್ಲಿ ತಾಯಿ ಬರೀ ಕುರ್ಚಿ.

ಬೋದಿಲ್ ಧಾನ್ಯದ ವ್ಯಾಪಾರಿ ಥೋರ್ಸನ್ ಮನೆಯ ಕೆಲಸದವಳು. ಮದುವೆಯಿಲ್ಲದೆ ಹೆತ್ತ ಅವಳ ಕೂಸು ಆಕ್ಸೆಲ್‌ನನ್ನು ಮಕ್ಕಳಿಲ್ಲದ ಯಜಮಾನಿಯೇ ಇಟ್ಟುಕೊಳ್ಳುವುದೆಂದಾಗಿತ್ತು. ಚಿತ್ರ ತೆಗೆಸಿದ ಮೇಲೆ ಬೋದಿಲ್ ಊರು ಬಿಡಬೇಕು. ಅದಕ್ಕೇ ಆವತ್ತು ಯಜಮಾನಿ ತಾಯಿ-ಕೂಸು ಇಬ್ಬರನ್ನೂ ಸ್ಟುಡಿಯೋಗೆ ಕರಕೊಂಡು ಬಂದಿದ್ದಳು.

"ಅಯ್ಯಾ, ನನ್ನ ಮುಖಾನೂ ಒಂಚೂರು ಬರ್ಲಿ. ದೊಡ್ಡವನಾದ್ಮೇಲೆ ಹೆತ್ತೋಳು ಯಾರು ಅಂತ ನೋಡ್ಲಿ" ಎಂದಳು.

"ನೀನು ಕುರ್ಚಿ ಕಣೇ. ಕುರ್ಚಿ ಮಾತಾಡುತ್ತಾ?" ಎಂದ ಸೆವೆರಿನ್. ಯಜಮಾನಿ ಕಿಸಕ್ಕನೆ ನಕ್ಕಳು.

ಬೋದಿಲ್ ತಲೆ ಮೇಲೆ ಬಟ್ಟೆ ಹೊದಿಸಿ, ಮಸೂರದ ಮುಚ್ಚಳ ತೆಗೆದು ಅವನು ಗಡಿಯಾರ ನೋಡುತ್ತಾ ನಿಂತ. ಯಜಮಾನಿ ಕನ್ನಡಿ ಮುಂದೆ ಟೋಪಿ ಸರಿಮಾಡಿಕೊಳ್ಳುತ್ತಿದ್ದಳು. ಬೋದಿಲ್ ಮೆಲ್ಲಗೆ ಬಟ್ಟೆ ಸರಿಸಿ ಮುಖ ಹೊರಗಿಟ್ಟಳು. ಆಕ್ಸೆಲ್ ಅವಳನ್ನೇ ನೋಡುತ್ತಾ ಅಲುಗಾಡದೆ ಕೂತ. ಭೇಷ್ ಹುಡುಗಿ, ಅಂದುಕೊಂಡೆ ನಾನು.

ಕತ್ತಲೆ ಕೋಣೆಯಿಂದ ಸೆವೆರಿನ್ ಚಿತ್ರ ಮೂಡಿದ ಗಾಜು ತಂದು, ಚಿತ್ರ ಎದ್ದು ಕಾಣಲೆಂದು ಅದರ ಹಿಂದೆ ಕಪ್ಪು ಬಟ್ಟೆ ಹಿಡಿದ. ದೇವರಾಣೆ, ಅಷ್ಟು ಚೆಂದದ ಚಿತ್ರ ಅವನು ಯಾವತ್ತೂ ತೆಗೆದಿರಲಿಲ್ಲ. ತಾಯಿ, ಮಗ, ಎರಡು ಮುಖವೂ ನಿಚ್ಚಳ.

"ನೋಡ್ಕೊಂಡ್ಯಾ? ಚೆನ್ನಾಗಿ ನೋಡ್ಕೋ" ಎಂದು ಬೋದಿಲ್‌ಗೆ ತೋರಿಸಿದ. ಗಾಜಿನ ಮೇಲಿನ ಲೇಪ ಇನ್ನೂ ಹಸಿ. ಹೆಬ್ಬೆರಳಿಟ್ಟು ಮೊದಲು ಅವಳ ಮುಖ ಉಜ್ಜಿದ, ಆಮೇಲೆ ಪೂರ್ತಿ ಒರೆಸಿಬಿಟ್ಟ. ಅವನ ಕೈ ಸೇದಿಹೋಗಬಾರದಿತ್ತೇ!

ಬೋದಿಲ್ ಅವನ ಕಾಲು ಹಿಡಿದಳು. "ಮುಖ ಬೇಡ ಅಯ್ಯಾ. ಬಟ್ಟೆ ಹೊದಿಸಿ, ಅಲುಗಾಡಲ್ಲ. ಅವನನ್ನ ಹಿಡ್ಕೊಂಡಿರೋ ಕೈ ಆದ್ರೂ ಬರ್ಲಿ."

ಯಜಮಾನಿ ಚೀಲದಿಂದ ಅಫೀಮಿನ ಶೀಷೆ ತೆಗೆದುಕೊಟ್ಟಳು. ಸೆವೆರಿನ್ ಅಳುತ್ತಿದ್ದ ಕೂಸಿನ ಬಾಯಿಗೆ ಹನಿ ಬಿಟ್ಟು, ದಿಂಬಿಗೆ ಒರಗಿಸಿದ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಕಣ್ಣು ಬಿಟ್ಟುಕೊಂಡೇ ಅದು ಮೂಟೆಯ ಹಾಗೆ ಕೂತಿತು.

"ಇನ್ನು ನೀನ್ಯಾಕೆ ಇಲ್ಲಿ? ನಡಿ ಆಚೆ" ಎಂದು ಅವಳನ್ನು ದಬ್ಬಿ ಚಿಲಕ ಹಾಕಿದ.

ಬಾಗಿಲಾಚೆಯಿಂದ ಅವಳು "ಆಕ್ಸೆಲ್, ಆಕ್ಸೆಲ್" ಎಂದು ಕೂಗುತ್ತಲೇ ಇದ್ದಳು. ಕೂಸು ಆ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

"ಎಷ್ಟು ಜಾಣ ನೋಡಿ ನನ್ನ ಮಗ!" ಎಂದಳು ಯಜಮಾನಿ.