ಗೌರತ್ತಿಯ ಉಡಿ ಮತ್ತು ನನ್ನ ಕರಿಕೋಟು

ಇವತ್ತು ಮುಂಜಾನೆ ಅಗಸರವನು ನನ್ನ ಕೊರಳಿಗೆ ಕಟ್ಟುವ ಬಿಳಿ ಪಟ್ಟಿಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ತಂದುಕೊಟ್ಟ. ಮೂಗಿಗೆ ಹಿಡಿದರೆ ಬನಹಟ್ಟಿಯ ವಾಸನೆ! ನೀವು ಆ ಕಡೆಯವರಾದರೆ ಬಿಡಿಸಿ ಹೇಳಬೇಕಿಲ್ಲ. ಅಲ್ಲದಿದ್ದರೆ ಇಷ್ಟು ತಿಳಿದುಕೊಳ್ಳಿ: ನಮ್ಮ ನೇಕಾರರ ಓಣಿಯಲ್ಲಿ ನೂಲಿಗೂ ಗಂಜಿ, ಸೀರೆಗೂ ಗಂಜಿ, ಮಾತಿಗೂ ಗಂಜಿ. ಒಳಗೆ ಎಷ್ಟೇ ಮುದುಡಿದ್ದರೂ ಹೊರಗೆ ಸೆಟೆದು ನಿಲ್ಲುವ ಜನ. ಆ ಊರಿನ ಮಗಳಾದ ನಾನು ಅರ್ಧ ಆಯುಷ್ಯ ಮುಧೋಳದಲ್ಲಿ ನರ್ಸಾಗಿ ಕಳೆದು, ತಲೆ ನರೆತ ಮೇಲೆ ವಕೀಲಳಾದೆ. ಇವತ್ತು ಕೋರ್ಟಿಗೆ ಮೊದಲ ದಿನ.

"ನರ್ಸಬಾಯಾರ, ಛಲೋ ನೌಕರಿ ಬಿಟ್ಟು ಈ ವಯಸ್ಸಿನ್ಯಾಗ ಕಾಯ್ದೆ ಯಾಕ್ರಿ?" ಎಂದು ಕೇಳದವರಿಲ್ಲ. ನ್ಯಾಯದ ಮೇಲಿನ ಪ್ರೀತಿ ಎಂದರೆ ಕೇಳಲು ಚೆಂದ. ಖರೆ ಹೇಳಲೇ? ಸಿಟ್ಟು. ಒಬ್ಬ ವಕೀಲನ ಮೇಲಿನ ಸಿಟ್ಟು, ಮತ್ತು ಹೆತ್ತ ಅಪ್ಪನ ಮೇಲಿನ ಸಿಟ್ಟು.

ಗೌರತ್ತಿ ಅಂದರೆ ಅಪ್ಪನ ಅಕ್ಕ. ಅನಗವಾಡಿಗೆ ಕೊಟ್ಟಿದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದಳು. ಹಿತ್ತಲ ಖೋಲಿಯಲ್ಲಿ ಇದ್ದುಕೊಂಡು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು, ನನ್ನನ್ನು ಎತ್ತಿ ಆಡಿಸಿದಳು, ಎಲ್ಲರ ಎಂಜಲು ಬಳಿದಳು. ಮನೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಅವ್ವ ಉಡಿ ತುಂಬುತ್ತಿದ್ದಳು. ಸೆರಗೊಡ್ಡಿದರೆ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಖಣ. ತವರಿನ ಉಡಿ ಅಂದರೆ ಹೆಣ್ಣಿಗೆ ಆನೆಬಲ. ಆದರೆ ಗಂಡ ಸತ್ತವಳಿಗೆ ಅದು ಇಲ್ಲ. ಆ ಹೊತ್ತಿಗೆ ಗೌರತ್ತಿ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಎಂಥ ತಿಳುವಳಿಕೆಯವಳು ಎಂದು ನಮ್ಮವರು ಮೆಚ್ಚುತ್ತಿದ್ದರು. ಆ ಮೆಚ್ಚುಗೆಗಿಷ್ಟು ಬೆಂಕಿ ಹಾಕ!

ಮುಂದೆ ಕೈಮಗ್ಗ ಹೋಗಿ ಪವರ್‌ಲೂಮ್ ಬಂತು. ಹಿತ್ತಲನ್ನೂ ಸೇರಿಸಿ ಶೆಡ್ಡು ಕಟ್ಟುವ ಆಸೆ ಅಪ್ಪನಿಗೆ. ಮನೆ ಅಜ್ಜನ ಹೆಸರಿನದು, ಅದರಲ್ಲಿ ನಿನ್ನ ಅಕ್ಕನ ಪಾಲೂ ಉಂಟು ಎಂದು ಯಾರೋ ಅವನ ಕಿವಿಗೆ ಹಾಕಿದರು. ಅಷ್ಟೇ ಸಾಕಾಯಿತು. ಒಂದು ಸೋಮವಾರ ನಾನು ರಜೆಗೆಂದು ಮನೆಗೆ ಹೋದರೆ ಪಡಸಾಲೆಯಲ್ಲಿ ಮಣೆ ಹಾಕಿದೆ, ರಂಗೋಲಿ ಬಿಟ್ಟಿದೆ, ಅವ್ವ ಹೊಸ ಸೀರೆ ಹಿಡಿದು ನಿಂತಿದ್ದಾಳೆ.

"ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮ ಉಡಿ ತುಂಬತೀನಿ."

ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಗೌರತ್ತಿ ಹಿಂದೆ ತಿರುಗಿ ನೋಡಿದಳು. "ನನಗ? ನನಗ ಬರತೈತೇನವಾ?"

"ಯಾಕ ಬರೂದಿಲ್ಲ? ಕಾಲ ಬದಲಾಗೈತಿ, ಅಕ್ಕ," ಎಂದ ಅಪ್ಪ.

ಅಬ್ಬಬ್ಬಾ, ಏನು ಸುಧಾರಕ! ಅಷ್ಟು ವರ್ಷ ಅಲುಗಾಡದ ಕಾಲ ಆಕೆಯ ಹೆಬ್ಬೆಟ್ಟು ಬೇಕಾದ ದಿನ ಗಡಬಡಿಸಿ ಬದಲಾಗಿತ್ತು. ಮೂಲೆಯ ಕುರ್ಚಿಯಲ್ಲಿ ವಕೀಲ ಕೂತಿದ್ದ. ತೊಡೆಯ ಮೇಲೆ ಹಕ್ಕು ಬಿಡುವ ಪತ್ರ, ಬಾಯಲ್ಲಿ ಪೇಡೆ.

ಗೌರತ್ತಿ ಎರಡೂ ಕೈಯಿಂದ ಸೆರಗೊಡ್ಡಿದಳು. ಅಕ್ಕಿ ಬಿದ್ದಾಗ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಅದೇ ಸಂಭ್ರಮದಲ್ಲಿ ವಕೀಲ ಬ್ರೇಕಿಲ್ಲದ ಬಸ್ಸಿನ ಹಾಗೆ ಪತ್ರ ಓದಿ ಮುಗಿಸಿದ. ನಾನು ಬಾಯಿ ಹಾಕಿದೆ.

"ವಕೀಲರ, ಸಾಯೂ ತನಕ ಆ ಖೋಲಿ ಅತ್ತೀದು ಅಂತ ಇದರಾಗ ಎಲ್ಲಿ ಬರದೀರಿ?"

ಅವನು ಕೈ ಒರೆಸಿಕೊಂಡ. "ನರ್ಸಬಾಯಾರ, ಸೂಜಿ ಚುಚ್ಚೂದು ನಿಮ್ಮ ಕೆಲಸ, ಕಾಯ್ದೆ ನಮ್ಮ ಕೆಲಸ. ತಮ್ಮ ಆದಾಂವ ಅಕ್ಕನ್ನ ಹೊರಗ ಹಾಕತಾನೇನ್ರಿ?"

ಎಲ್ಲರೂ ನಕ್ಕರು. ಗೌರತ್ತಿಯೂ ನನ್ನನ್ನೇ ಗದರಿದಳು: "ಸುಮ್ಮನಿರಬೇ, ಉಡಿ ತುಂಬಿದ ದಿನ ಕೆಟ್ಟದ್ದು ನುಡೀಬ್ಯಾಡ." ಮರುದಿನ ನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು.

ಆ ವರ್ಷವೇ ನೌಕರಿ ಬಿಟ್ಟು ಕಾನೂನು ಕಾಲೇಜಿಗೆ ಹೆಸರು ಹಚ್ಚಿದೆ. "ಅರವತ್ತಕ್ಕ ಅರಳು ಮರಳು ಅಂತಾರ, ಈಕೀಗೆ ನಲವತ್ತಕ್ಕ ಬಂತು," ಎಂದಿತು ಓಣಿ. ಮೊದಲ ದಿನ ಪ್ರಾಧ್ಯಾಪಕರು ನನ್ನನ್ನು ಯಾವುದೋ ಹುಡುಗನ ತಾಯಿ ಎಂದು ತಿಳಿದು, "ನಿಮ್ಮ ಮಗ ಅಷ್ಟೇನೂ ಓದೂದಿಲ್ರಿ," ಎಂದು ದೂರು ಹೇಳಿದರು. ಆಮೇಲೆ ಹಳದಿಯಾದ ಟಿಪ್ಪಣಿ ತೆಗೆದು ಓದಿದರು. ಹುಡುಗರು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆದರು. ನಾಳೆ ಇವರ ಕೈಗೇ ಜನ ಹೊಲ ಮನೆ ಒಪ್ಪಿಸಬೇಕಲ್ಲ! ದವಾಖಾನೆಯಲ್ಲಿ ಕಂಪೌಂಡರ್ ಕೂಡ ಇದಕ್ಕಿಂತ ಎಚ್ಚರವಾಗಿರುತ್ತಾನೆ.

ಮರುವರ್ಷ ಹಿತ್ತಲ ಖೋಲಿ ಕೆಡವಿದರು. ಗೌರತ್ತಿ ಒಂದು ತಗಡಿನ ಟ್ರಂಕು ಹಿಡಿದು ಮುಧೋಳಕ್ಕೆ ನನ್ನ ಬಾಡಿಗೆ ಮನೆಗೆ ಬಂದಳು. "ಮಗ್ಗ ಇಡಾಕ ಜಾಗಾ ಸಾಲಲಿಲ್ಲವಾ, ಪಾಪ, ತಮ್ಮ ಏನ ಮಾಡ್ಯಾನು?" ಎಂದಳು. ಪಾಪವಂತೆ! ನಾನು ಹಲ್ಲು ಕಚ್ಚಿ ಓದಿದೆ. ಮೋಸದಿಂದ ಬರೆಸಿಕೊಂಡ ಪತ್ರ ರದ್ದಾಗುತ್ತದೆ, ಖೋಲಿ ಕೆಡವಿದ ದಿನದಿಂದ ಎಣಿಸಿದರೆ ದಾವೆ ಹೂಡುವ ಮುದ್ದತ್ತು ಇನ್ನೂ ಮೀರಿಲ್ಲ. ಅಪ್ಪನನ್ನೇ ಕಟಕಟೆಗೆ ಹತ್ತಿಸುವ ಈ ಒಂದು ದಾವೆಗಾಗಿ ನಾನು ವಕೀಲಳಾದೆ ಎಂದರೂ ಸರಿಯೇ.

ಇವತ್ತು ಮುಂಜಾನೆ ವಕಾಲತ್ತಿನ ಕಾಗದ, ಶಾಯಿಯ ಪ್ಯಾಡು ಆಕೆಯ ಮುಂದಿಟ್ಟೆ.

"ಒತ್ತು, ಅತ್ತಿ. ನಿನ್ನ ಪಾಲು ಹೊಳ್ಳಿ ತರತೀನಿ."

ಆಕೆ ಕೈ ಚಾಚಲಿಲ್ಲ. "ಪತ್ರ ರದ್ದಾದ್ರ ಆ ಉಡೀನೂ ರದ್ದಾದಂಗ ಅಲ್ಲೇನು?"

"ಅತ್ತಿ, ಅದು ಉಡಿ ಅಲ್ಲ, ಲಂಚ! ನಿನಗ ಮೋಸ ಮಾಡ್ಯಾರ."

"ಗೊತ್ತೈತಿ ಬಿಡಬೇ. ನಾ ಏನು ಹುಚ್ಚಿ ಅಲ್ಲ. ಮಣಿ ಮ್ಯಾಲ ಕುಂದರೂವಾಗನ ಗೊತ್ತಿತ್ತು." ಸೆರಗು ಸರಿಪಡಿಸಿಕೊಂಡಳು. "ಖೋಲಿ ಕೊಟ್ಟು ತಗೊಂಡೀನಿ ಆ ಉಡೀನ. ಹೊಳ್ಳಿ ಕೊಡೂದಿಲ್ಲ."

ಮೋಸ ಹೋದವಳು ಎಂದು ಯಾರ ಪರವಾಗಿ ಇಷ್ಟು ದಿನ ವಾದ ಕಟ್ಟಿದೆನೋ, ಆಕೆ ಮೋಸ ಹೋಗಿರಲೇ ಇಲ್ಲ. ಪ್ಯಾಡು ಮುಚ್ಚಿ, ಕರಿಕೋಟು ತೋಳಿಗೆ ಹಾಕಿಕೊಂಡು, ಒಂದೂ ದಾವೆಯಿಲ್ಲದ ವಕೀಲಳು ಕೋರ್ಟಿರುವ ಜಮಖಂಡಿಯ ಬಸ್ಸು ಹತ್ತಿದೆ. ಸಿಟ್ಟೇನೂ ಇಳಿದಿಲ್ಲ. ಆದರೆ ಅದಕ್ಕೆ ಈಗ ಅಪ್ಪನೊಬ್ಬ ಸಾಲುವುದಿಲ್ಲ. ಒಂದು ಹಿಡಿ ಅಕ್ಕಿಗಾಗಿ ಒಬ್ಬಳು ತಲೆಯ ಮೇಲಿನ ಸೂರನ್ನೇ ಕೊಡುವಷ್ಟು ಹಸಿಯುವಂತೆ ಆಕೆಯನ್ನು ಹಿತ್ತಲಿನಲ್ಲಿ ನಿಲ್ಲಿಸಿದ್ದು ಇಡೀ ಪಡಸಾಲೆ. ಅಷ್ಟು ಜನರನ್ನು ಹತ್ತಿಸುವ ಕಟಕಟೆ ಯಾವ ಕೋರ್ಟಿನಲ್ಲಿದೆ, ಹೇಳಿ?